ತಮಟೆ ಕೂಡಿದೆ, ಆದರೂ ಕಿವಿ ಯಾಕೆ ಕೇಳಿಸುತ್ತಿಲ್ಲ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಸ್ವಲ್ಪ ಅಡಿಕೆ ತೋಟ ಇದೆ. ಕಳೆದ ಡಿಸೆಂಬರ್‌ನಲ್ಲಿ ಕೊನೆಕೊಯ್ಲಿನ, ಅಂದರೆ ಅಡಿಕೆ ಗೊನೆ ಕೊಯ್ಯುವ ಹೊತ್ತಿಗೆ ನಮ್ಮ ಮನೆಯವರು ಮರ ಇಳಿಯುವಾಗ ಜಾರಿ ಬಿದ್ದರು. ಅವರಿಗೆ 41 ವರ್ಷ. ತಲೆಯ ಬಲಭಾಗ ಬಸಿಗಾಲುವೆಯ ಅಂಚಿನ ಕಲ್ಲಿಗೆ ಬಡಿಯಿತು. ಕಿವಿಯಿಂದ ರಕ್ತ ಬಂತು. ಶಿವಮೊಗ್ಗದಲ್ಲಿ ಮೂರು ದಿನ ಅಡ್ಮಿಟ್ ಆಗಿದ್ದರು. ಸ್ಕ್ಯಾನ್ ಮಾಡಿ ಕಿವಿಯ ಹಿಂದಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು, ತಮಟೆಯಲ್ಲಿ, ಅಂದರೆ ಕಿವಿಯೊಳಗಿನ ಪರದೆಯಲ್ಲಿ ತೂತು ಎಂದರು. ಎರಡು ತಿಂಗಳಲ್ಲಿ ತೂತು ತಾನಾಗಿಯೇ ಮುಚ್ಚಿತು. ಆದರೆ ತೂತು ಇದ್ದಾಗಲೇ ಚೆನ್ನಾಗಿ ಕೇಳುತ್ತಿತ್ತು, ಮುಚ್ಚಿದ ಮೇಲೆ ಕಡಿಮೆಯಾಯಿತು ಎನ್ನುತ್ತಾರೆ ಇವರು. ಮನೆಯಲ್ಲಿ ಯಾರೂ ನಂಬುತ್ತಿಲ್ಲ. ಈಗ ಎಂಟು ತಿಂಗಳಾಯಿತು. ಪರೀಕ್ಷೆ ಮಾಡಿದವರು ನರ ಚೆನ್ನಾಗಿದೆ, ತಮಟೆಯೂ ಸರಿ ಇದೆ, ಒಳಗಿನ ಸಣ್ಣ ಮೂಳೆ ಕಳಚಿರಬೇಕು, ಆಪರೇಷನ್ ಮಾಡಿ ಬೇರೆ ಮೂಳೆ ಕೂರಿಸಬೇಕು ಎಂದರು. ನಮ್ಮ ಅತ್ತೆ ದಿನಾ ಬೆಳ್ಳುಳ್ಳಿ ಎಣ್ಣೆ ಬಿಡುತ್ತಿದ್ದಾರೆ. ಮೂಳೆ ತಾನಾಗಿಯೇ ಕೂಡುತ್ತದೆ, ಕಾಯಿರಿ ಎನ್ನುತ್ತಾರೆ. ಕಿವಿಯೊಳಗೆ ಲೋಹ ಇಟ್ಟರೆ ಸಿಡಿಲು ಎಳೆಯುತ್ತದೆ ಎಂದು ಪಕ್ಕದ ಮನೆಯವರು ಹೆದರಿಸಿದ್ದಾರೆ. ಆಪರೇಷನ್ ಮಾಡಿಸಬೇಕಾ? ಮಷಿನ್ ಸಾಕಾ? ಮತ್ತೆ ಮರ ಹತ್ತಬಹುದಾ?

ಉತ್ತರ: ಮೊದಲು ನಿಮ್ಮ ಯಜಮಾನರ ಮಾತು ನಂಬಿ. ಅವರು ಹೇಳುತ್ತಿರುವುದು ನಿಜ. ತೂತು ಇದ್ದಾಗ ಸ್ವಲ್ಪ ಕೇಳುತ್ತಿತ್ತು, ಮುಚ್ಚಿದ ಮೇಲೆ ಕಡಿಮೆಯಾಯಿತು ಎನ್ನುವವರನ್ನು ನಾನು ಹಲವು ಸಲ ನೋಡಿದ್ದೇನೆ. ಮನೆಯವರು ಅದನ್ನು ಭ್ರಮೆ ಎಂದುಕೊಳ್ಳುತ್ತಾರೆ. ನಮಗಾದರೋ ಆ ಒಂದು ಮಾತೇ ದೊಡ್ಡ ಸುಳಿವು. ತಮಟೆಯ ಹಿಂದೆ ಮೂಳೆಗಳ ಕೊಂಡಿ ತಪ್ಪಿದೆ ಎಂದು ಸ್ಕ್ಯಾನ್‌ಗಿಂತ ಮುಂಚೆ ಅದೇ ಹೇಳಿಬಿಡುತ್ತದೆ. ಹೇಗೆ ಎಂದು ತಿಳಿಯಲು ಕಿವಿಯೊಳಗೆ ಸ್ವಲ್ಪ ಇಣುಕಿ ನೋಡೋಣ.

ತಮಟೆಯ ಹಿಂದೆ ಗಾಳಿ ತುಂಬಿದ ಪುಟ್ಟ ಕೋಣೆ ಇದೆ. ಅದೇ ನಡುಗಿವಿ. ಅಲ್ಲಿ ಒಂದರ ತುದಿಗೆ ಇನ್ನೊಂದು ಸೇರಿಕೊಂಡ ಮೂರು ಮೂಳೆಗಳಿವೆ. ಆಕಾರ ನೋಡಿ ಅವುಗಳನ್ನು ಸುತ್ತಿಗೆ, ಅಡಿಗಲ್ಲು, ರಿಕಾಪು ಎಂದು ಕರೆಯುತ್ತೇವೆ. ರಿಕಾಪು ಎಂದರೆ ಕುದುರೆ ಸವಾರ ಕಾಲಿಡುವ ಬಳೆ. ಈ ಮೂಳೆ ನಿಜಕ್ಕೂ ಹಾಗೇ ಇದೆ. ನಮ್ಮ ಮೈಯಲ್ಲಿರುವ ಎಲ್ಲಕ್ಕಿಂತ ಸಣ್ಣ ಮೂಳೆ ಇದು. ಎತ್ತರ ಸುಮಾರು 3 ಮಿಲಿಮೀಟರ್, ತೂಕ ಸುಮಾರು 3 ಮಿಲಿಗ್ರಾಂ. ಒಂದು ನುಚ್ಚಕ್ಕಿ ಕಾಳನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡು ನೋಡಿ, ಅದಕ್ಕಿಂತಲೂ ಹಗುರ. ಹುಟ್ಟಿದ ಮಗುವಿನಲ್ಲೂ ಇದು ದೊಡ್ಡವರಲ್ಲಿ ಇರುವಷ್ಟೇ ಇರುತ್ತದೆ, ಆಮೇಲೆ ಬೆಳೆಯುವುದಿಲ್ಲ.

ಇಷ್ಟು ಸಣ್ಣ ಮೂಳೆಗಳಿಗೆ ಏನು ಕೆಲಸ? ತುಂಗಾ ಹೊಳೆಯಲ್ಲಿ ಮುಳುಗು ಹಾಕಿದಾಗ ದಡದಲ್ಲಿ ಕೂಗಿದ್ದು ಸರಿಯಾಗಿ ಕೇಳಿಸುವುದಿಲ್ಲ ಅಲ್ವಾ? ಗಾಳಿಯಲ್ಲಿ ಬಂದ ಶಬ್ದ ನೀರಿಗೆ ಬಡಿದರೆ ಬಹುಪಾಲು ವಾಪಸ್ ಹೋಗುತ್ತದೆ. ನಮ್ಮ ಒಳಗಿವಿಯಲ್ಲೂ ನೀರಿನಂಥ ದ್ರವವೇ ಇದೆ. ಗಾಳಿಯ ಶಬ್ದವನ್ನು ಆ ನೀರಿಗೆ ಇಳಿಸಲು ಒತ್ತಡ ಹೆಚ್ಚಬೇಕು. ಮೊಳೆ ಹೊಡೆಯುವುದನ್ನು ನೆನೆಸಿಕೊಳ್ಳಿ. ತಲೆ ಅಗಲ, ತುದಿ ಚೂಪು. ಅಗಲದ ಮೇಲೆ ಬಿದ್ದ ಬಲವೆಲ್ಲ ತುದಿಗೆ ಬಂದು ಮರದೊಳಗೆ ಇಳಿಯುತ್ತದೆ. ಕಿವಿಯಲ್ಲೂ ಹೀಗೇ. ತಮಟೆಯಲ್ಲಿ ಕಂಪಿಸುವ ಭಾಗ ಸುಮಾರು 55 ಚದರ ಮಿಲಿಮೀಟರ್, ಒಳಗಿವಿಯ ಕಿಟಕಿಯಲ್ಲಿ ಕೂತ ರಿಕಾಪಿನ ಪಾದ ಸುಮಾರು 3 ಚದರ ಮಿಲಿಮೀಟರ್. ಜೊತೆಗೆ ಸುತ್ತಿಗೆ ಮತ್ತು ಅಡಿಗಲ್ಲು ಸನ್ನೆಗೋಲಿನ ಹಾಗೆ ಇನ್ನೊಂದಿಷ್ಟು ಬಲ ಸೇರಿಸುತ್ತವೆ. ಎಲ್ಲ ಸೇರಿ ಒತ್ತಡ ಸುಮಾರು 20 ಪಟ್ಟಿಗಿಂತ ಜಾಸ್ತಿಯಾಗುತ್ತದೆ.

ನಡುವೆ ಕೊಂಡಿ ತಪ್ಪಿತು ಎಂದುಕೊಳ್ಳಿ. ತಮಟೆ ಚೆನ್ನಾಗಿಯೇ ಅಲುಗುತ್ತದೆ, ಆದರೆ ಆ ಅಲುಗಾಟ ಮುಂದೆ ಹೋಗುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ, ತೂತಿಲ್ಲದ ತಮಟೆ ಈಗ ಮುಚ್ಚಿದ ಬಾಗಿಲಾಗುತ್ತದೆ. ತೂತು ಇದ್ದಾಗ ಸ್ವಲ್ಪ ಶಬ್ದವಾದರೂ ಅದರೊಳಗಿಂದ ನುಗ್ಗಿ ನೇರವಾಗಿ ಒಳಗಿವಿಗೆ ಮುಟ್ಟುತ್ತಿತ್ತು. ಈಗ ಅದೂ ಇಲ್ಲ. ತಮಟೆ ಗಟ್ಟಿಯಾಗಿದ್ದು ಮೂಳೆ ಕಳಚಿದ ಕಿವಿಯಲ್ಲಿ 60 ಡೆಸಿಬೆಲ್‌ವರೆಗೂ ಶ್ರವಣ ಕುಗ್ಗಬಹುದು. ನಾವು ಎದುರುಬದುರು ಕೂತು ಆಡುವ ಮಾತು ಸುಮಾರು ಅಷ್ಟೇ ಜೋರಾಗಿರುತ್ತದೆ. ಹಾಗಾಗಿ ಆ ಕಿವಿಗೆ ಮಾಮೂಲಿ ಮಾತು ಗೊಣಗಾಟದಂತೆ ಕೇಳಿಸೀತು, ಇಲ್ಲವೇ ಕೇಳಿಸಲಿಕ್ಕೇ ಇಲ್ಲ.

ಮನೆಯಲ್ಲೇ ಒಂದು ಸಣ್ಣ ಪ್ರಯೋಗ ಮಾಡಿಸಿ. ಯಜಮಾನರಿಗೆ ಬಾಯಿ ಮುಚ್ಚಿಕೊಂಡು ‘ಮ್‌ಮ್’ ಎಂದು ದನಿ ಎಳೆಯಲು ಹೇಳಿ. ಯಾವ ಕಿವಿಯಲ್ಲಿ ಜೋರಾಗಿ ಕೇಳಿಸುತ್ತಿದೆ ಎಂದು ಕೇಳಿ. ಬಲಗಿವಿಯಲ್ಲಿ, ಅಂದರೆ ಕೆಟ್ಟ ಕಿವಿಯಲ್ಲೇ ಎಂದರೆ ಆಶ್ಚರ್ಯ ಬೇಡ. ಆ ದನಿ ತಲೆಬುರುಡೆಯ ಮೂಲಕ ನೇರವಾಗಿ ಒಳಗಿವಿಗೆ ಹೋಗುತ್ತದೆ, ತಮಟೆ ಮತ್ತು ಸಣ್ಣ ಮೂಳೆಗಳ ದಾರಿ ಅದಕ್ಕೆ ಬೇಕಿಲ್ಲ. ಹೊರಗಿನ ಗದ್ದಲವೂ ಆ ಕಿವಿಗೆ ನುಗ್ಗುವುದಿಲ್ಲವಾದ್ದರಿಂದ ಅಲ್ಲೇ ಜೋರು. ನಾವು ಟ್ಯೂನಿಂಗ್ ಫೋರ್ಕ್ ಎಂಬ, ದನಿ ಹೊರಡಿಸುವ ಲೋಹದ ಕವೆಯನ್ನು ಮಿಡಿದು ಹಣೆಯ ಮಧ್ಯೆ ಇಡುವುದೂ ಇದಕ್ಕೇ. ಎಷ್ಟೋ ಜನ ಒಂದು ಕ್ಷಣ ಸುಮ್ಮನಾಗಿ, ಆಮೇಲೆ ‘ಕೇಳದ ಕಿವಿಯಲ್ಲೇ ಕೇಳ್ತಿದೆಯಲ್ಲ ಡಾಕ್ಟ್ರೇ’ ಎನ್ನುತ್ತಾರೆ. ನರ ಬದುಕಿದೆ ಎಂದು ಅವರಿಗೆ ಗೊತ್ತಾಗುವುದು ಆ ಕ್ಷಣದಲ್ಲಿ. ಇದು ಬರೀ ಸುಳಿವು ಅಷ್ಟೆ, ಆಡಿಯೋಗ್ರಾಂಗೆ, ಅಂದರೆ ಯಂತ್ರದಲ್ಲಿ ಶ್ರವಣ ಅಳೆದ ವರದಿಗೆ ಬದಲಲ್ಲ. ನೀವು ಕಳಿಸಿದ ಆಡಿಯೋಗ್ರಾಂ ಕೂಡ ಇದನ್ನೇ ಹೇಳುತ್ತಿದೆ. ಗಾಳಿಯ ದಾರಿಯಲ್ಲಿ ಕೇಳಿಸಲು 55 ಡೆಸಿಬೆಲ್ ಬೇಕು, ತಲೆಬುರುಡೆಯ ಮೂಳೆಯ ದಾರಿಯಲ್ಲಿ 10 ಸಾಕು. ಒಳಗಿವಿ ಚೆನ್ನಾಗಿದೆ, ಶಬ್ದ ಅಲ್ಲಿಗೆ ಮುಟ್ಟುತ್ತಿಲ್ಲ. ತಮಟೆಯ ಮೇಲೆ ಗಾಳಿಯ ಒತ್ತಡ ಕೊಟ್ಟು ನೋಡುವ ಇನ್ನೊಂದು ಪರೀಕ್ಷೆಯ ಗೆರೆ ಎತ್ತರಕ್ಕೆ ಏರಿದೆ. ತಮಟೆ ಹಿಡಿತವಿಲ್ಲದೆ ಸಡಿಲವಾಗಿದೆ ಎಂದು ಅರ್ಥ. ಎರಡನ್ನೂ ಪಕ್ಕಪಕ್ಕ ಇಟ್ಟರೆ ನಿಮ್ಮ ಡಾಕ್ಟರ ಅನುಮಾನ ಸರಿಯೆಂದೇ ನನಗೂ ತೋರುತ್ತದೆ.

ತಲೆಗೆ ಪೆಟ್ಟು ಬಿದ್ದಾಗ ಸಾಮಾನ್ಯವಾಗಿ ಕಳಚುವುದು ಅಡಿಗಲ್ಲು ಮತ್ತು ರಿಕಾಪಿನ ನಡುವಿನ ಕೀಲು. ಸುತ್ತಿಗೆ ತಮಟೆಗೆ ಅಂಟಿಕೊಂಡಿದೆ, ಅದನ್ನು ಹಿಡಿಯಲು ಒಂದು ಸ್ನಾಯುವೂ ಇದೆ. ರಿಕಾಪಿಗೂ ಅದರದೇ ಸ್ನಾಯು ಇದೆ, ಪಾದದ ಸುತ್ತ ಉಂಗುರದಂಥ ಬಿಗಿಯೂ ಇದೆ. ಮಧ್ಯದ ಅಡಿಗಲ್ಲಿಗೆ ಮಾತ್ರ ಹಾಗೆ ಗಟ್ಟಿಯಾಗಿ ಹಿಡಿದುಕೊಳ್ಳುವವರು ಯಾರೂ ಇಲ್ಲ. ಕೈ ಕೈ ಹಿಡಿದು ನಿಂತ ಮೂವರಲ್ಲಿ ನಡುವಿನವನ ಕಾಲು ಜಾರಿದಂತೆ.

ಅತ್ತೆಯವರು ಹೇಳುವಂತೆ ಮೂಳೆ ತಾನಾಗಿ ಕೂಡುವುದಿಲ್ಲವೇ? ಅವರು ಕೈಕಾಲು ಮೂಳೆ ಕೂಡುವುದನ್ನು ಕಂಡವರು, ಹಾಗೆ ಯೋಚಿಸುವುದು ಸಹಜ. ಕೈಮೂಳೆ ಮುರಿದರೆ ತುದಿಗಳನ್ನು ಜೋಡಿಸಿ ಕಟ್ಟುತ್ತೇವೆ. ಸುತ್ತ ಮಾಂಸ ಇದೆ, ರಕ್ತ ಓಡಾಡುತ್ತದೆ, ಹೊಸ ಮೂಳೆ ಬೆಳೆಯುತ್ತದೆ. ಇಲ್ಲಿ ಮೂಳೆಗಳು ಗಾಳಿಯಲ್ಲಿ ತೂಗುತ್ತಿವೆ. ಕಳಚಿ ದೂರ ಸರಿದ ತುದಿಯನ್ನು ಮತ್ತೆ ಅದರ ಜಾಗಕ್ಕೆ ತರುವವರು ಯಾರೂ ಇಲ್ಲ. ಮೊದಲ ಮೂರು ತಿಂಗಳು ಕಾಯುವುದು ಸರಿಯಾದ ಕ್ರಮವೇ. ಒಳಗೆ ತುಂಬಿದ ರಕ್ತ ಕರಗಬೇಕು, ತಮಟೆ ಕೂಡಬೇಕು. ಅಷ್ಟರಲ್ಲಿ ಎಷ್ಟೋ ಜನರ ಕಿವಿ ತಾನಾಗಿ ಸರಿಹೋಗುತ್ತದೆ. ಎಂಟು ತಿಂಗಳಾದ ಮೇಲೂ ಇಷ್ಟು ಅಂತರ ಉಳಿದಿದೆ ಎಂದರೆ ಇನ್ನು ಕಾದು ಬರುವಂಥದ್ದು ಏನೂ ಇಲ್ಲ. ಹಾಗಂತ ಗಾಬರಿಯೂ ಬೇಡ. ತಮಟೆ ಮುಚ್ಚಿದೆ, ಕಿವಿ ಸೋರುತ್ತಿಲ್ಲ. ಕಳಚಿದ ಮೂಳೆ ಸುಮ್ನೆ ಅಲ್ಲೇ ಇರುತ್ತದೆ, ಮಿದುಳಿಗೆ ಹೋಗುವುದಿಲ್ಲ. ಆರು ತಿಂಗಳು ತಡವಾದರೆ ಕೆಟ್ಟುಹೋಗುವ ಕಿವಿ ಇದಲ್ಲ.

ಬೆಳ್ಳುಳ್ಳಿ ಎಣ್ಣೆಯನ್ನು ಮಾತ್ರ ಇವತ್ತೇ ನಿಲ್ಲಿಸಿ. ಅತ್ತೆಯವರಿಗೆ ಬೇಜಾರಾಗದಂತೆ ಹೇಳಿ, ಅವರದು ಪ್ರೀತಿಯೇ. ತಮಟೆ ಮುಚ್ಚಿರುವುದರಿಂದ ಎಣ್ಣೆ ಹೊರಗಿನ ಕೊಳವೆಯಲ್ಲೇ ನಿಲ್ಲುತ್ತದೆ. ಮೂಳೆ ಇರುವುದು ಗೋಡೆಯ ಆಚೆ. ಮಲೆನಾಡಿನ ಮಳೆಗಾಲದಲ್ಲಿ ಎಣ್ಣೆ ಬಿಟ್ಟ ಒದ್ದೆ ಕಿವಿಗೆ ಬೂಷ್ಟು ಹಿಡಿಯುವುದು ಬಹಳ ಬೇಗ. ಜುಲೈ–ಆಗಸ್ಟ್‌ನಲ್ಲಿ ನನ್ನ ಬಳಿ ಬರುವ ಕಿವಿ ತುರಿಕೆಯ ರೋಗಿಗಳಲ್ಲಿ ಹಲವರ ಕಿವಿಯಲ್ಲಿ ನೆನೆದ ಕಾಗದದಂಥ ಬಿಳಿ ಪದರ, ಅದರ ಮೇಲೆ ಕರಿ ಚುಕ್ಕೆ ಕಾಣುತ್ತದೆ. ಅದೇ ಬೂಷ್ಟು. ಅದು ಬಂದರೆ ಆಪರೇಷನ್ ಕೂಡ ಮುಂದೆ ಹಾಕಬೇಕಾಗುತ್ತದೆ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಏನೂ ಮಾಡದೆ ಇರುವುದೂ ಒಂದು ದಾರಿ. ಎಡಗಿವಿ ಚೆನ್ನಾಗಿರುವುದರಿಂದ ಮನೆಯಲ್ಲಿ ದಿನ ಕಳೆಯುತ್ತದೆ. ಆದರೆ ಒಂದೇ ಕಿವಿಯಿಂದ ಶಬ್ದ ಯಾವ ದಿಕ್ಕಿನದು ಎಂದು ಗೊತ್ತಾಗುವುದು ಕಷ್ಟ. ತೋಟದಲ್ಲಿ ಯಾರೋ ‘ಸರೀರಿ, ಕೊನೆ ಬೀಳ್ತಿದೆ’ ಎಂದು ಕೂಗಿದರೆ ಯಾವ ಕಡೆ ಸರಿಯಬೇಕು? ಬೈಕಿನಲ್ಲಿ ಹೋಗುವಾಗ ಬಲಗಡೆಯಿಂದ ಬಂದ ಬಸ್ಸು? ನಾನು ಹೆದರಿಸುತ್ತಿಲ್ಲ. ಆದರೆ ಅವರ ಕೆಲಸ ಅಂಥದ್ದು, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಮಷಿನ್ ಎಂದರೆ ನಮ್ಮಲ್ಲಿ ಮುದುಕರಿಗೆ ಎಂಬ ಭಾವನೆ. ಅದು ತಪ್ಪು. ನರ ಚೆನ್ನಾಗಿದ್ದು ಶಬ್ದದ ದಾರಿ ಮಾತ್ರ ಕೆಟ್ಟಿರುವ ಇಂಥ ಕಿವಿಗೇ ಶ್ರವಣ ಯಂತ್ರ ಎಲ್ಲಕ್ಕಿಂತ ಚೆನ್ನಾಗಿ ಹೊಂದುತ್ತದೆ. ಶಬ್ದ ಜೋರು ಮಾಡಿ ಕೊಟ್ಟರೆ ಸಾಕು, ಒಳಗೆ ಅದು ಸ್ಪಷ್ಟವಾಗಿಯೇ ಕೇಳುತ್ತದೆ. ನರವೇ ಸೋತವರಿಗೆ ಆ ಸ್ಪಷ್ಟತೆ ಸಿಗುವುದು ಕಷ್ಟ. ತೊಂದರೆ ಇರುವುದು ಬೆವರು, ಮಳೆ, ಔಷಧಿ ಹೊಡೆಯುವಾಗ ಸಿಡಿಯುವ ಬೋರ್ಡೋ ದ್ರಾವಣ. ತೋಟದಲ್ಲಿ ಯಂತ್ರ ಬೇಗ ಹಾಳಾಗುತ್ತದೆ. ಮನೆಯಲ್ಲಿ, ಪೇಟೆಯಲ್ಲಿ, ಸಭೆ ಸಮಾರಂಭದಲ್ಲಿ ಹಾಕಿಕೊಳ್ಳಲಿ. ಬೇಡವೆನಿಸಿದರೆ ತೆಗೆದಿಡಬಹುದು, ಕಿವಿಗೆ ಅದರಿಂದ ಯಾವ ಅಪಾಯವೂ ಇಲ್ಲ.

ಆಪರೇಷನ್ ಹೀಗಿರುತ್ತದೆ. ಮೈಕ್ರೋಸ್ಕೋಪ್ ಅಡಿಯಲ್ಲಿ ತಮಟೆಯನ್ನು ಪುಸ್ತಕದ ಹಾಳೆ ಮಗುಚಿದಂತೆ ಒಂದು ಬದಿಗೆ ಎತ್ತಿ ಒಳಗೆ ನೋಡುತ್ತೇವೆ. ಸಣ್ಣ ಸೂಜಿಯ ತುದಿಯಿಂದ ಸುತ್ತಿಗೆಯನ್ನು ಮೆಲ್ಲಗೆ ಅಲುಗಿಸುತ್ತೇವೆ. ಸರಪಳಿ ಸರಿ ಇದ್ದರೆ ಆಚೆ ತುದಿಯಲ್ಲಿ ರಿಕಾಪು ಅಲುಗಬೇಕು. ಕಳಚಿದ ಕಿವಿಯಲ್ಲಿ ಅಡಿಗಲ್ಲು ಓಲಾಡುತ್ತದೆ, ರಿಕಾಪು ತೆಪ್ಪಗಿರುತ್ತದೆ. ಆಮೇಲೆ ರಿಕಾಪನ್ನೇ ಸ್ವಲ್ಪ ಮುಟ್ಟಿ ನೋಡುತ್ತೇವೆ. ಒಳಗಿವಿಯ ಇನ್ನೊಂದು ಕಿಟಕಿಯ ಪೊರೆಯ ಮೇಲೆ ನಿಂತ ಬೆಳಕಿನ ಚುಕ್ಕಿ ಮಿಣುಕಿದರೆ ರಿಕಾಪು ಸಡಿಲವಾಗಿ ಅಲುಗುತ್ತಿದೆ ಎಂದು ಅರ್ಥ. ಇಷ್ಟು ವರ್ಷವಾದರೂ ಆ ಮಿಣುಕು ಕಂಡಾಗ ನನಗೆ ಸಮಾಧಾನವಾಗುತ್ತದೆ. ಮುಂದಿನ ಕೆಲಸಕ್ಕೆ ಗಟ್ಟಿ ನೆಲ ಸಿಕ್ಕಿತು ಎಂದು.

ಬೇರೆಯವರ ಮೂಳೆ ತಂದು ಕೂರಿಸುತ್ತಾರೆ ಎಂದು ನೀವು ಅಂದುಕೊಂಡಿರಬಹುದು. ಸಾಮಾನ್ಯವಾಗಿ ಅದರ ಅಗತ್ಯವೇ ಬೀಳುವುದಿಲ್ಲ. ಕಳಚಿದ ಅವರದೇ ಅಡಿಗಲ್ಲನ್ನು ಹೊರತೆಗೆದು, ತಿದ್ದಿ ತೀಡಿ, ರಿಕಾಪಿನ ತಲೆ ಕೂರುವಷ್ಟು ಗುಳಿ ಕೊರೆದು, ಸುತ್ತಿಗೆಗೂ ರಿಕಾಪಿಗೂ ನಡುವೆ ಕೂರಿಸಬಹುದು. ಅದಾಗದಿದ್ದರೆ ಟೈಟೇನಿಯಂನ ಪುಟ್ಟ ಕಂಬ ಇಡುತ್ತಾರೆ. ಅದರ ತಲೆ ತಮಟೆಯನ್ನು ಕೊರೆದು ಹೊರಬರದಂತೆ ಕಿವಿಯ ಮೃದು ಎಲುಬಿನ ತೆಳು ಚೂರು ಹೊದಿಸುತ್ತಾರೆ. ಇದೇನು ಹೊಸ ಪ್ರಯೋಗವಲ್ಲ. ನಡುಗಿವಿಯನ್ನು ಮತ್ತೆ ಕಟ್ಟುವ ಆಪರೇಷನ್‌ಗಳು 1950ರ ದಶಕದಲ್ಲಿ ಜರ್ಮನಿಯಲ್ಲಿ ಒಂದು ರೂಪಕ್ಕೆ ಬಂದವು.

ಸಿಡಿಲಿನ ಮಾತು. ಆ ಟೈಟೇನಿಯಂ ಚೂರಿನ ತೂಕ ಕೆಲವೇ ಮಿಲಿಗ್ರಾಂ. ಕಿವಿಯೋಲೆ, ಮೂಗುತಿ ಅದಕ್ಕಿಂತ ಎಷ್ಟೋ ಪಟ್ಟು ಭಾರ. ಅದು ಸಿಡಿಲನ್ನು ಎಳೆಯುವುದಿಲ್ಲ, ಮೊಬೈಲಿಗೂ ತೊಂದರೆ ಇಲ್ಲ. ಟೈಟೇನಿಯಂ ಅಯಸ್ಕಾಂತಕ್ಕೆ ಅಂಟುವ ಲೋಹವೂ ಅಲ್ಲ. ಆದರೂ ಆಸ್ಪತ್ರೆಯವರು ಕೊಡುವ ಇಂಪ್ಲಾಂಟ್ ಚೀಟಿಯನ್ನು ಜೋಪಾನವಾಗಿ ಇಡಿ. ಮುಂದೆ ಎಂದಾದರೂ ಎಂಆರ್‌ಐ ಮಾಡಿಸುವಾಗ ತೋರಿಸಬೇಕಾಗುತ್ತದೆ.

ಅಪಾಯಗಳನ್ನು ಮುಚ್ಚಿಡುವುದಿಲ್ಲ. ಎಲ್ಲಕ್ಕಿಂತ ಸಾಮಾನ್ಯವಾದ ಬೇಸರವೆಂದರೆ ನಿರೀಕ್ಷೆಯಷ್ಟು ಕೇಳದೆ ಇರುವುದು. ಗಾಳಿಯ ದಾರಿಗೂ ಮೂಳೆಯ ದಾರಿಗೂ ಇರುವ ಅಂತರ 20 ಡೆಸಿಬೆಲ್‌ನೊಳಗೆ ಬಂದರೆ ನಾವು ಆಪರೇಷನ್ ಗೆದ್ದಿತು ಎನ್ನುತ್ತೇವೆ. ರಿಕಾಪು ಪೂರ್ತಿ ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅಲ್ಲಿಗೆ ಮುಟ್ಟುತ್ತಾರೆ. ರಿಕಾಪೂ ಮುರಿದಿದ್ದರೆ ಸಾಧ್ಯತೆ ಇಳಿಯುತ್ತದೆ. ಕೂರಿಸಿದ ಚೂರು ವರ್ಷಗಳ ಮೇಲೆ ಜಾರಬಹುದು, ಕೆಲವೊಮ್ಮೆ ತಮಟೆಯಿಂದ ಹೊರಬರಬಹುದು. ನಾಲಿಗೆಗೆ ರುಚಿ ತಿಳಿಸುವ ಒಂದು ತೆಳು ನರ ತಮಟೆಯ ಹಿಂದೆಯೇ ಹಾದುಹೋಗುತ್ತದೆ. ಅದಕ್ಕೆ ತಗಲಿದರೆ ಆ ಬದಿಯ ನಾಲಿಗೆಗೆ ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಲೋಹದ ರುಚಿ. ಕೆಲವು ದಿನ ತಲೆಸುತ್ತು ಬರಬಹುದು. ಬಹಳ ಅಪರೂಪಕ್ಕೆ ಒಳಗಿವಿಗೆ ಪೆಟ್ಟಾಗಿ ಆ ಕಿವಿ ಪೂರ್ತಿ ಕೇಳದೆ ಹೋಗಬಹುದು. ಆಗ ಮಷಿನ್ ಕೂಡ ಉಪಯೋಗಕ್ಕೆ ಬರುವುದಿಲ್ಲ. ಮುಖದ ನರಕ್ಕೆ ತೊಂದರೆ ಅದಕ್ಕಿಂತಲೂ ಅಪರೂಪ. ಇದಕ್ಕೇ ಕೇಳುವ ಕಿವಿ ಒಂದೇ ಉಳಿದವರಿಗೆ, ಆ ಒಂದೇ ಕಿವಿಗೆ ಬರೀ ಕೇಳುವ ಸಲುವಾಗಿ ಈ ಆಪರೇಷನ್ ಮಾಡಿಸಿ ಎಂದು ನಾನು ಹೇಳುವುದಿಲ್ಲ. ನಿಮ್ಮ ಯಜಮಾನರ ಇನ್ನೊಂದು ಕಿವಿ ಚೆನ್ನಾಗಿದೆ, ಅದೊಂದು ಧೈರ್ಯ.

ಮರ ಹತ್ತುವ ವಿಷಯಕ್ಕೆ ಬರುವ ಮುಂಚೆ ಒಂದು ಪ್ರಶ್ನೆ ಕೇಳಬೇಕು, ನೀವು ಬರೆದಿಲ್ಲ. ಹಾಸಿಗೆಯಲ್ಲಿ ಮಗ್ಗುಲು ತಿರುಗಿದಾಗ, ತಲೆ ಎತ್ತಿ ಅಡಿಕೆ ಗೊನೆ ನೋಡಿದಾಗ ಕೆಲವು ಕ್ಷಣ ಲೋಕವೇ ತಿರುಗಿದಂತೆ ಆಗುತ್ತದೆಯೇ? ತಲೆಗೆ ಪೆಟ್ಟು ಬಿದ್ದವರಲ್ಲಿ ಒಳಗಿವಿಯ ಸಮತೋಲದ ಹರಳುಗಳು ಜಾಗ ಬಿಟ್ಟು ಹೀಗಾಗುವುದು ಸಾಮಾನ್ಯ. ಎಷ್ಟೋ ಜನ ಇದನ್ನು ಪಿತ್ತ, ಬಿ.ಪಿ. ಎಂದುಕೊಂಡು ಸುಮ್ಮನಿರುತ್ತಾರೆ. ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ ಮಲಗಿಸಿದರೆ, ಬಹಳ ಸಲ ಒಂದೆರಡು ಭೇಟಿಯಲ್ಲೇ, ಸರಿಹೋಗುತ್ತದೆ. ಅದು ಇದ್ದರೆ ಸರಿಹೋಗುವತನಕ ಮರದ ಮಾತೇ ಬೇಡ. ದೋಟಿ ಹಿಡಿದು ದಿನವಿಡೀ ಮೇಲೆ ನೋಡುವ ಕೆಲಸವೂ ಬೇಡ. ತಲೆಸುತ್ತು ಇಲ್ಲದಿದ್ದರೆ ಮೂಳೆ ಕಳಚಿದ್ದರಿಂದಲೇ ಸಮತೋಲ ತಪ್ಪುವುದಿಲ್ಲ. ಆದರೂ ಒಮ್ಮೆ ಬಿದ್ದು ತಲೆಬುರುಡೆ ಬಿರುಕು ಬಿಟ್ಟವರು, ಒಂದು ಕಿವಿ ಕೇಳದವರು ಈ ಸಲ ಗೊನೆ ಕೊಯ್ಯುವ ಕೊನೆಗಾರರನ್ನು ಕರೆಸಲಿ ಎಂಬುದು ನನ್ನ ಆಸೆ. ಕೂಲಿ ದುಬಾರಿ ಎಂದು ಗೊತ್ತು.

ನಿಮ್ಮ ಮನೆಯ ಸ್ಥಿತಿಯಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ಕೊಯ್ಲು ಶುರುವಾಗುವ ಮುಂಚೆ ಒಂದು ತಿಂಗಳು ಮಷಿನ್ ಹಾಕಿ ನೋಡುತ್ತಿದ್ದೆ. ಶಬ್ದ ಮರಳಿದಾಗ ಎಷ್ಟು ಉಪಯೋಗವಾಗುತ್ತದೆ ಎಂದು ಅದರಿಂದಲೇ ಗೊತ್ತಾಗುತ್ತದೆ. ಅದರಲ್ಲೇ ನೆಮ್ಮದಿ ಅನಿಸಿದರೆ ಅಲ್ಲಿಗೇ ನಿಲ್ಲಿಸಬಹುದು. ಮಷಿನ್ ಬೇಡ, ಕಿವಿಯೇ ಸರಿಯಾಗಲಿ ಅನಿಸಿದರೆ ಕೊಯ್ಲು ಮುಗಿದ ಮೇಲೆ, ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಆಪರೇಷನ್. ಆಗ ಮಳೆ ಇಲ್ಲ, ನೆಗಡಿ ಕಡಿಮೆ, ತೋಟದ ಗಡಿಬಿಡಿಯೂ ಇಲ್ಲ. ಆಪರೇಷನ್ ಆದ ಮೇಲೆ ಕೆಲವು ವಾರ ಕಿವಿಗೆ ನೀರು ತಾಗಬಾರದು, ಮೂಗು ಜೋರಾಗಿ ಸೀಟಬಾರದು, ಸೀನು ಬಂದರೆ ಬಾಯಿ ತೆರೆದು ಸೀನಬೇಕು, ಮೂಟೆ ಎತ್ತಬಾರದು. ಘಾಟಿ ಇಳಿಯುವಾಗ ಕಿವಿ ಕಟ್ಟಿಕೊಳ್ಳುತ್ತದಲ್ಲ, ಆ ಒತ್ತಡವೂ ಹೊಸದಾಗಿ ಕೂರಿಸಿದ ಮೂಳೆಗೆ ಒಳ್ಳೆಯದಲ್ಲ. ಹಾಗಾಗಿ ಆ ಕೆಲವು ವಾರ ಆಗುಂಬೆ ಇಳಿದು ಉಡುಪಿ ಕಡೆ ಹೋಗುವುದನ್ನು ಮುಂದೂಡಿ. ನಿಜವಾಗಿ ಎಷ್ಟು ಕೇಳುತ್ತಿದೆ ಎಂದು ತಿಳಿಯಲು ಎರಡು ಮೂರು ತಿಂಗಳು ಬೇಕು.

ಇದೇ ತೊಂದರೆ ಸೋರುವ ಕಿವಿಯಿಂದಲೂ ಬರುತ್ತದೆ. ಪೆಟ್ಟಿಗಿಂತ ಅದೇ ಜಾಸ್ತಿ. ಈ ಉತ್ತರ ಓದುವ ಬೇರೆಯವರಿಗಾಗಿ ಇಷ್ಟು ಹೇಳುತ್ತೇನೆ. ಅಡಿಗಲ್ಲಿನ ಉದ್ದನೆಯ ಕಾಲು ತೆಳು, ಅದಕ್ಕೆ ರಕ್ತ ಸಿಗುವುದೂ ಕಡಿಮೆ. ವರ್ಷಗಟ್ಟಲೆ ಕೀವಿನಲ್ಲಿ ನೆನೆದರೆ ಮೊದಲು ಸವೆಯುವುದು ಅದೇ. ಕೀವು ಸ್ವಲ್ಪವೇ ಬಂದರೂ ಕೆಟ್ಟ ವಾಸನೆ ಇದ್ದರೆ ತಡಮಾಡಬೇಡಿ. ಚರ್ಮ ಬೆಳೆಯಬಾರದ ಜಾಗದಲ್ಲಿ ಬೆಳೆದು ಗಂಟಾಗಿ ಮೂಳೆ ತಿನ್ನುತ್ತಿರಬಹುದು. ಅದು ಮುಖದ ನರಕ್ಕೂ ಮಿದುಳಿನ ಪೊರೆಗೂ ಹೋಗಬಲ್ಲದು. ಅಂಥ ಕಿವಿಯಲ್ಲಿ ಮೊದಲು ರೋಗ ತೆಗೆಯಬೇಕು. ಕೇಳಿಸುವ ಮೂಳೆ ಕೂರಿಸುವುದನ್ನು ಎಷ್ಟೋ ಸಲ ಆರು ತಿಂಗಳಿಂದ ಒಂದು ವರ್ಷ ಬಿಟ್ಟು ಎರಡನೇ ಆಪರೇಷನ್‌ನಲ್ಲಿ ಮಾಡುತ್ತೇವೆ. ಹಾಗೆಯೇ ತಲೆಗೆ ಪೆಟ್ಟಾದವರಿಗೆ ಕಿವಿ ಅಥವಾ ಮೂಗಿನಿಂದ ತಿಳಿನೀರು ಬಂದರೆ, ಬಾಯಿ ಸೊಟ್ಟಗಾದರೆ, ವಿಪರೀತ ತಲೆಸುತ್ತು ಬಂದರೆ ಕಿವಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಖರ್ಚಿನ ಬಗ್ಗೆ ನೀವು ಕೇಳಲಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಕಿವುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ ಸರ್ಕಾರದ್ದು 2007ರಿಂದ ಇದೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಕಿವಿ ಮೂಗು ಗಂಟಲು ವಿಭಾಗದಲ್ಲಿ ಮೊದಲು ವಿಚಾರಿಸಿ. ಬಿಪಿಎಲ್ ಕಾರ್ಡ್, ಆಧಾರ್ ಹಿಡಿದುಕೊಂಡು ಹೋಗಿ, ಸರ್ಕಾರಿ ಆರೋಗ್ಯ ಯೋಜನೆಗೆ ನೆರವಾಗುವ ಆರೋಗ್ಯಮಿತ್ರರ ಮೇಜಿನಲ್ಲಿ ಈ ಆಪರೇಷನ್‌ಗೆ ಯೋಜನೆಯಿಂದ ಹಣ ಸಿಗುತ್ತದೆಯೇ ಎಂದು ಕೇಳಿ. ಶ್ರವಣ ಯಂತ್ರದ ಪರೀಕ್ಷೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೆ. ದೂರವಾದರೂ ಅಲ್ಲಿ ಕೂಲಂಕಷವಾಗಿ ನೋಡುತ್ತಾರೆ. ಆಪರೇಷನ್ ಮಾಡುವ ಡಾಕ್ಟರನ್ನು ಸಂಕೋಚವಿಲ್ಲದೆ ಕೇಳಿ: ನೀವು ವರ್ಷಕ್ಕೆ ಇಂಥ ಎಷ್ಟು ಮಾಡುತ್ತೀರಿ? ಒಳಗೆ ತೆರೆದಾಗ ರಿಕಾಪೂ ಮುರಿದಿದ್ದರೆ ಏನು ಮಾಡುತ್ತೀರಿ? ಹೋಗುವಾಗ ಬಿದ್ದಾಗಿನ ಹಳೆಯ ಸಿ.ಟಿ. ಫಿಲಂ ಮತ್ತು ಇದುವರೆಗಿನ ಎಲ್ಲ ಆಡಿಯೋಗ್ರಾಂಗಳನ್ನು ತಪ್ಪದೆ ಒಯ್ಯಿರಿ. ತೂತು ಇದ್ದಾಗಿನ ಆಡಿಯೋಗ್ರಾಂ ಸಿಕ್ಕಿದರೆ ಅದನ್ನೂ ಇಡಿ. ಅದನ್ನು ಈಗಿನದರ ಪಕ್ಕ ಇಟ್ಟು ನಿಮ್ಮ ಅತ್ತೆಗೂ ತೋರಿಸಿ, ಮಗ ಹೇಳಿದ್ದು ಅದರಲ್ಲೇ ಕಾಣುತ್ತದೆ.